ಹೆಸರಿನ ಬದಿಯ ಊರು

ಒಂದೇ ಹೆಸರಿನವರು ಹಲವರಾದಾಗ ಹೆಸರು ತನ್ನ ಕೆಲಸವನ್ನು ಮಾಡಲಾರದು. ಕನ್ನಡ ನಾಡು ಇದಕ್ಕೆ ಹಿಂದೆಯೇ ಪರಿಹಾರ ಕಂಡುಕೊಂಡಿದೆ. ಹಳೆಯ ಮೈಸೂರಿನ ಕಡೆ ಊರು ಹೆಸರಿನ ಮುಂದೊಂದು ಅಕ್ಷರವಾಗಿ ನಿಲ್ಲುತ್ತದೆ. ಉತ್ತರ ಕರ್ನಾಟಕದಲ್ಲಿ ಊರೇ ಅಡ್ಡಹೆಸರಾಗುತ್ತದೆ. ಧಾರವಾಡದ ಕಡೆಯಿಂದ ಪುಣೆಗೆ ಬಂದು ಗಣಕಯಂತ್ರದ ಕಾರ್ಯಕ್ರಮಗಳನ್ನು ಬರೆಯುತ್ತಿದ್ದ ತರುಣನೊಬ್ಬನಿಗೆ ಈ ಮಾತಿನ ಬೆಲೆ ತಡವಾಗಿ ತಿಳಿಯಿತು.

ಅವನು ಬಳಸುತ್ತಿದ್ದುದು ಮೈಕ್ರೋಸಾಫ್ಟ್ 2015ರಲ್ಲಿ ಹೊರತಂದ ವಿಷುವಲ್ ಸ್ಟುಡಿಯೋ ಕೋಡ್ ಎಂಬ ಉಪಕರಣ. ಅದರ ಬದಿಯ ಅಂಕಣದಲ್ಲಿ ಕಡತಗಳು ಮರದಂತೆ ಜೋಡಣೆಗೊಂಡಿರುತ್ತವೆ. ಫೋಲ್ಡರು ಕೊಂಬೆ, ಫೈಲು ಎಲೆ. ಜಾವಾಸ್ಕ್ರಿಪ್ಟ್ ಬರೆಯುವವರಲ್ಲಿ ಫೋಲ್ಡರಿನ ಮುಖ್ಯ ಕಡತಕ್ಕೆ 'ಇಂಡೆಕ್ಸ್' ಎಂದು ಹೆಸರಿಡುವ ರೂಢಿಯುಂಟು. ಎಲೆ ಕೊಂಬೆಯಲ್ಲಿರುವವರೆಗೆ ತೊಡಕಿಲ್ಲ. ಆದರೆ ಅವನು ಬೇಕಾದ ಕಡತಗಳನ್ನಷ್ಟೇ ಆಯ್ದು ತೋರಿಸುವ ಇನ್ನೊಂದು ಮರವನ್ನು ತಾನೇ ರಚಿಸಿದ್ದನು. ಅಲ್ಲಿ ನಾಲ್ಕು 'ಇಂಡೆಕ್ಸ್'ಗಳು ಸಾಲಾಗಿ ನಿಂತವು. ಹೊಸದಾಗಿ ಕೆಲಸಕ್ಕೆ ಸೇರಿದ್ದ ಹುಡುಗಿಯೊಬ್ಬಳು ಒಂದರ ಬದಲು ಮತ್ತೊಂದನ್ನು ಅಳಿಸಿದಳು. ಆ ದಿನದ ದುಡಿಮೆ ಮಣ್ಣುಪಾಲಾಯಿತು. ನೋಡಿ ಮಾಡಬಾರದಿತ್ತೇ ಎಂದು ಅವನು ಗದರಿದನು. ನಾಲ್ಕೂ ಒಂದೇ ಆಗಿರುವಾಗ ನೋಡುವುದಾದರೂ ಏನನ್ನು ಎಂದು ಅವಳು ಮೆಲ್ಲನೆ ಕೇಳಿದಳು. ಅವನಲ್ಲಿ ಉತ್ತರವಿರಲಿಲ್ಲ.

ಮೊದಲು ಅವನು ಕಡತದ ಪೂರ್ಣ ವಿಳಾಸವನ್ನೇ ಹೆಸರಿನ ಜಾಗದಲ್ಲಿಟ್ಟನು. ಅಂಕಣ ಕಿರಿದು, ವಿಳಾಸ ಉದ್ದ. ನಾಲ್ಕರ ಆರಂಭವೂ ಒಂದೇ. ಭೇದವನ್ನು ತೋರಬೇಕಾದ ಕೊನೆಯ ಭಾಗವೆಲ್ಲ ಮೂರು ಚುಕ್ಕೆಗಳಲ್ಲಿ ಮುಚ್ಚಿಹೋಯಿತು. ಹೆಚ್ಚು ಹೇಳಿದ ಮಾತ್ರಕ್ಕೆ ಸ್ಪಷ್ಟತೆ ಬರುವುದಿಲ್ಲವೆಂಬುದು ಅವನಿಗೆ ಆಗ ಮನವರಿಕೆಯಾಯಿತು.

ಆ ಉಪಕರಣವು ಮರದ ಪ್ರತಿಯೊಂದು ಅಂಶಕ್ಕೂ ಮೂರು ಬಗೆಯ ಬರಹಕ್ಕೆ ಅವಕಾಶ ನೀಡುತ್ತದೆ: ಎದ್ದು ಕಾಣುವ ಹೆಸರು, ಅದರ ಬದಿಯಲ್ಲಿ ಮಂಕಾದ ಅಕ್ಷರಗಳ ಕಿರುವಿವರಣೆ, ಮೌಸನ್ನು ಮೇಲೆ ತಂದಾಗ ತೋರುವ ಟಿಪ್ಪಣಿ. ಅವನು ಕಡತದ ಹೆಸರನ್ನು ಮೊದಲನೆಯದರಲ್ಲಿ, ಫೋಲ್ಡರಿನ ಹೆಸರನ್ನು ಎರಡನೆಯದರಲ್ಲಿ, ಪೂರ್ಣ ವಿಳಾಸವನ್ನು ಮೂರನೆಯದರಲ್ಲಿ ಇರಿಸಿದನು. ಹೆಸರು ಒಂದೇ ಆದಲ್ಲಿ ಮಾತ್ರ ಫೋಲ್ಡರು ಕಾಣಿಸಿಕೊಳ್ಳುವಂತೆ ಮಾಡಿದನು. ತೆರೆದ ಕಡತಗಳ ಟ್ಯಾಬುಗಳಲ್ಲಿ ಆ ಉಪಕರಣವೂ ಇದೇ ಕ್ರಮವನ್ನು ಅನುಸರಿಸುತ್ತದೆ. ಅಲ್ಲಿ ಹೆಸರಿನ ಮಾದರಿಯನ್ನು ಬಳಕೆದಾರರೇ ಗೊತ್ತುಪಡಿಸುವ ಸೌಲಭ್ಯ 2024ರಲ್ಲಿ ಬಂದಿತು.

ಮರುದಿನ ಹುಡುಗಿ ಹೊಸ ಪಟ್ಟಿಯನ್ನು ತೆರೆದು, ಒಮ್ಮೆಯೂ ತಡೆಯದೆ ತನಗೆ ಬೇಕಾದ ಕಡತವನ್ನು ಆರಿಸಿಕೊಂಡಳು. ಅವಳಲ್ಲಿ ಕ್ಷಮೆ ಕೇಳಿ ತನ್ನ ಮೇಜಿಗೆ ಮರಳಿದ ತರುಣನ ಕಣ್ಣು ಕೊರಳಿನ ಗುರುತುಪಟ್ಟಿಯ ಮೇಲೆ ಬಿದ್ದಿತು. ಅದೇ ಹೆಸರಿನ ಮತ್ತೊಬ್ಬನು ಕಚೇರಿಯಲ್ಲಿದ್ದನು. ಇಬ್ಬರನ್ನೂ ಬೇರ್ಪಡಿಸುತ್ತಿದ್ದುದು ಹೆಸರಿನ ಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿದ್ದ ಅವನ ಊರು.