ಹೋಗದ ದೂರು

ಆ ಪಠ್ಯ ಸಂಪಾದಕದಲ್ಲಿ ಉಳಿಸಿ ಮತ್ತೆ ತೆರೆದರೆ ‘ರ‍್ಯಾಂಕ್’ ಹೋಗಿ ‘ರ್ಯಾಂಕ್’ ಆಗುತ್ತಿತ್ತು. ರಕಾರಕ್ಕೆ ಯ ಒತ್ತು ಬರಬೇಕಾದಲ್ಲಿ ಯಕಾರಕ್ಕೆ ಅರ್ಕಾವತ್ತು. ಇವೆರಡನ್ನು ಬೇರ್ಪಡಿಸುವುದು ರ ಆದಮೇಲೆ ಕೂರುವ, ಕಣ್ಣಿಗೆ ಕಾಣದ ಒಂದು ಯುನಿಕೋಡ್ ಸಂಕೇತ. ಸಂಪಾದಕ ಅದನ್ನು ಕಸವೆಂದು ಗುಡಿಸಿಹಾಕುತ್ತಿತ್ತು. ಕನ್ನಡ ಬರೆಯುವವರು ಹೇಳದಿದ್ದರೆ ಇದು ಯಾರ ಗಮನಕ್ಕೂ ಬರುವಂಥದ್ದಲ್ಲ.

ಡೆಬಿಯನ್‌ನಲ್ಲಿ ದೋಷ ತಿಳಿಸಲು ರಿಪೋರ್ಟ್‌ಬಗ್ ಎಂಬ ಪೈಥಾನ್ ಪ್ರೋಗ್ರಾಂ ಇದೆ. ಯಾವ ಪ್ಯಾಕೇಜು, ಯಾವ ಆವೃತ್ತಿ, ಯಾವ ಕರ್ನಲ್ ಎಂಬುದನ್ನೆಲ್ಲ ಅದೇ ಕಲೆಹಾಕಿ, ನಮ್ಮ ನಾಲ್ಕು ಮಾತು ಸೇರಿಸಿ ಇಮೇಲ್ ಮಾಡುತ್ತದೆ. ಡೆಬಿಯನ್‌ನ ದೂರುಪೆಟ್ಟಿಗೆ ಇಂದಿಗೂ ನಡೆಯುವುದು ಇಮೇಲಿನ ಮೇಲೆಯೇ.

ಬರೆದು ಕಳಿಸಿದೆ. ತುಸು ಹೊತ್ತು ಸುಮ್ಮನಿದ್ದು, ಸಂಪರ್ಕದ ಸಮಯ ಮೀರಿತು ಎಂದಿತು. ಪುಣ್ಯಕ್ಕೆ, ಬರೆದದ್ದನ್ನು ತಾತ್ಕಾಲಿಕ ಕಡತದಲ್ಲಿ ಇಟ್ಟಿತ್ತು. ರಿಪೋರ್ಟ್‌ಬಗ್‌ನಲ್ಲೇ ದೋಷವಿದ್ದರೆ ಅದನ್ನು ತಿಳಿಸುವುದು ಯಾವುದರಿಂದ? ರಿಪೋರ್ಟ್‌ಬಗ್‌ನಿಂದಲೇ!

ಬ್ರೌಸರ್ ಓಡುತ್ತಿತ್ತು, ಅಂದರೆ ಇಂಟರ್ನೆಟ್ ಸರಿಯಿದೆ. ಟೆಲ್‌ನೆಟ್ ಹಿಡಿದು ಮೇಲ್ ಸರ್ವರಿನ 25ನೇ ಪೋರ್ಟ್ ತಟ್ಟಿದೆ. ಉತ್ತರವಿಲ್ಲ. 587 ತಟ್ಟಿದೆ. ಕೂಡಲೇ 220 ಎಂದು ಓಗೊಟ್ಟಿತು. ಸರ್ವರಿಗೆ ಜೀವವಿದೆ, ದಾರಿಗೆ ಬೇಲಿ. ಸ್ಪ್ಯಾಮ್ ತಡೆಯಲೆಂದು ಮನೆ ಸಂಪರ್ಕಗಳಿಗೆ 25ನ್ನು ಮುಚ್ಚುವ ಕಂಪನಿಗಳು ಬಹಳ. ಮುಚ್ಚಿದ್ದೇವೆಂದು ಹೇಳುವ ಸೌಜನ್ಯ ಮಾತ್ರ ಅಪರೂಪ. ರಿಪೋರ್ಟ್‌ಬಗ್‌ನ ಸೆಟ್ಟಿಂಗ್ಸ್ ಕಡತದಲ್ಲಿ ಸರ್ವರ್ ಹೆಸರಿನ ಮುಂದೆ 587 ಎಂದು ಸೇರಿಸಿದೆ. ಈ ಸಲ ದೂರು ಹೋಯಿತು.

ಕೆಲಹೊತ್ತಿನಲ್ಲಿ ದೂರಿನ ಸಂಖ್ಯೆ ಬಂತು. ಪುಟ ತೆರೆದು ಮೊದಲು ಹುಡುಕಿದ್ದು ಆ ಒಂದೇ ಪದವನ್ನು. ‘ರ‍್ಯಾಂಕ್’ ನೆಟ್ಟಗೆ ಕೂತಿತ್ತು.