ಹಿಮಗಡಲಿಗೊಂದು ಉಡುಪು

ಗ್ರೀನ್‌ಲೆಂಡಿನ ರಾಜಧಾನಿಯಾದ ನೂಕ್ ಸುಮಾರು 20,000 ಜನರ ಪುಟ್ಟ ಪಟ್ಟಣ. ಕಡಲಂಚಿನ ಬಂಡೆಗಳ ಮೇಲೆ ಕೆಂಪು, ಹಳದಿ, ನೀಲಿ ಬಣ್ಣದ ಮರದ ಮನೆಗಳು ದಸರೆಯ ಗೊಂಬೆಗಳನ್ನು ಜೋಡಿಸಿಟ್ಟಂತೆ ಕಾಣುತ್ತವೆ. ಎದುರಿಗೆ ಸೆರ್ಮಿಟ್ಸಿಯಾಕ್ ಬೆಟ್ಟವು 1,210 ಮೀಟರು ಎತ್ತರಕ್ಕೆ ನಿಂತಿದೆ. ಅದರ ಪಾದವನ್ನು ತೊಳೆಯುತ್ತ ಕಡಲು ನಾಡಿನೊಳಕ್ಕೆ ಬಹುದೂರ ಕೈಚಾಚಿದೆ. ಬೇಸಗೆಯಲ್ಲಿ ಇಲ್ಲಿ ಇರುಳೆಂಬುದು ಹೆಸರಿಗೆ ಮಾತ್ರ. ತಿಳಿನೀರಿನ ಮೇಲೆ ಹಿಮಗಡ್ಡೆಗಳು ತೇಲುತ್ತಿರುವಾಗ ಕಯಾಕ್ ಎಂಬ ಕಿರುದೋಣಿಯಲ್ಲಿ ಕುಳಿತು ಸದ್ದಿಲ್ಲದೆ ಸಾಗುವ ಸುಖಕ್ಕೆ ಎಣೆಯಿಲ್ಲ.

ಆದರೆ ಈ ಚೆಲುವು ನಂಬತಕ್ಕದ್ದಲ್ಲ. ನಡುಬೇಸಗೆಯಲ್ಲೂ ಆ ನೀರು ಫ್ರಿಜ್ಜಿನಲ್ಲಿಟ್ಟ ನೀರಿನಷ್ಟೇ ತಣ್ಣಗಿರುತ್ತದೆ. ತಣ್ಣೀರಿಗೆ ಬಿದ್ದವರ ಗತಿಯನ್ನು ಕೆನಡಾದ ಪ್ರಾಧ್ಯಾಪಕ ಗಾರ್ಡನ್ ಗೀಸ್‌ಬ್ರೆಕ್ಟ್ ಮೂರೇ ಅಂಕಿಗಳಲ್ಲಿ ಹೇಳಿದ್ದಾರೆ: 1, 10, 1. ಏದುಸಿರು ಹತೋಟಿಗೆ ಬರಲು 1 ನಿಮಿಷ. ಕೈಕಾಲು ಹೇಳಿದಂತೆ ಕೇಳುವುದು 10 ನಿಮಿಷ. ಪ್ರಜ್ಞೆ ಉಳಿಯುವುದು ಸುಮಾರು 1 ಗಂಟೆ. ಆದುದರಿಂದ ಇಲ್ಲಿ ಉಡುಪೆಂಬುದು ಅಲಂಕಾರವಲ್ಲ, ಆಯುಷ್ಯ.

ಈ ಸತ್ಯವನ್ನು ಇಲ್ಲಿಯ ಇನುಯಿಟ್ ಜನರು ಬಹು ಹಿಂದೆಯೇ ಕಂಡುಕೊಂಡಿದ್ದರು. ಅವರ ದೋಣಿಯೇ ಒಡೆಯನ ಮೈಯಳತೆಗೆ ಕಟ್ಟಿದ್ದು. ಅದರ ಅಗಲ ಅವನ ಸೊಂಟದ ಅಗಲಕ್ಕಿಂತ ಎರಡು ಮುಷ್ಟಿಯಷ್ಟು ಮಾತ್ರ ಹೆಚ್ಚು. ಉಡುಪನ್ನು ಹೊಲಿಯುತ್ತಿದ್ದವರು ಮನೆಯ ಹೆಂಗಸರು. ಸೀಲ್ ಪ್ರಾಣಿಯ ತೊಗಲನ್ನು ಹದಮಾಡಿ, ಸೂಜಿ ತೊಗಲಿನ ಆಚೆ ಬದಿಗೆ ಹೊರಬೀಳದಂತೆ ಅರ್ಧ ದಪ್ಪದಲ್ಲೇ ಪೋಣಿಸಿ, ಸ್ನಾಯುವಿನ ದಾರದಿಂದ ಹೊಲಿಯುತ್ತಿದ್ದರು. ನೆನೆದಾಗ ದಾರ ಉಬ್ಬಿ ಹೊಲಿಗೆಯ ರಂಧ್ರವನ್ನು ತಾನೇ ಮುಚ್ಚುತ್ತಿತ್ತು. ತುಯಿಲಿಕ್ ಎಂಬ ಆ ಅಂಗಿ ಮುಖದ ಸುತ್ತಲೂ ಮುಂಗೈಗಳಲ್ಲಿಯೂ ಬಿಗಿ. ಅದರ ಕೆಳಗಿನ ಅಂಚನ್ನು ದೋಣಿಯ ಬಾಯಿಗೇ ಕಟ್ಟುತ್ತಿದ್ದರು. ದೋಣಿ ಮಗುಚಿದರೂ ನೀರು ಒಳಹೊಗದು. ಗಂಡ ಬೇಟೆಯಿಂದ ಜೀವಸಹಿತ ಮರಳುವನೇ ಎಂಬುದು ಹೆಂಡತಿಯ ಸೂಜಿಯ ಮೊನೆಯಲ್ಲಿತ್ತು!

ಇಂದಿನ ಪ್ರವಾಸಿಗೆ ದೊರೆಯುವುದು ಡ್ರೈಸೂಟ್ ಎಂಬ ಇಡಿಯ ಮೈ ಮುಚ್ಚುವ ಉಡುಪು. ಕುತ್ತಿಗೆಯಲ್ಲಿಯೂ ಮುಂಗೈಗಳಲ್ಲಿಯೂ ತೆಳು ಲೇಟೆಕ್ಸ್ ರಬ್ಬರಿನ ಪಟ್ಟಿ ಮೈಗಂಟಿ ನೀರನ್ನು ತಡೆಯುತ್ತದೆ. ಆದರೆ ಇದನ್ನು ಕಾರ್ಖಾನೆ ಹೊಲಿಯುತ್ತದೆ. ಅದಕ್ಕೆ ನಮ್ಮ ಕುತ್ತಿಗೆಯ ಪರಿಚಯವಿಲ್ಲ. ಬಿಗಿಯಾದ ಪಟ್ಟಿ ತಲೆ ಸುತ್ತಿಸುತ್ತದೆ, ಬೆರಳುಗಳನ್ನು ಜೋಮುಗಟ್ಟಿಸುತ್ತದೆ. ಆಗ ಮನುಷ್ಯ ಮಾಡುವುದೇನು? ದಡ ಹತ್ತಿರವಿದೆಯಲ್ಲ ಎಂದು ಎದೆಯ ಜಿಪ್ಪನ್ನು ತೆರೆದಿಡುತ್ತಾನೆ. ತೆರೆದ ಡ್ರೈಸೂಟ್ ಒಡಕು ಕೊಡಕ್ಕೆ ಸಮಾನ. ಹಿತವಾಗಿಲ್ಲದ ಉಡುಪು ಹೀಗೆ ಅಪಾಯಕ್ಕೆ ಬಾಗಿಲು ತೆರೆಯುತ್ತದೆ.

ಹಿತಮಾಡಿಕೊಳ್ಳುವ ಉಪಾಯಗಳುಂಟು. ಹೊಸ ಪಟ್ಟಿಯನ್ನು ಅದಕ್ಕಿಂತ ತುಸು ದಪ್ಪನೆಯ ನುಣುಪು ಪಾತ್ರೆಗೆ ಹಿಗ್ಗಿಸಿ ಒಂದು ರಾತ್ರಿ ಬಿಡಬೇಕು. ಅಷ್ಟಕ್ಕೂ ಸಡಿಲವಾಗದಿದ್ದರೆ ಹರಿತವಾದ ಕತ್ತರಿಯಿಂದ ಕೆಲವೇ ಮಿಲಿಮೀಟರು ಅಗಲದ ಒಂದು ಸುತ್ತನ್ನು ತೆಗೆದು, ತೊಟ್ಟುನೋಡಿ, ಬೇಕಿದ್ದರೆ ಮತ್ತೆ ಕತ್ತರಿಸಬೇಕು. ಅಂಚಿನಲ್ಲಿ ಕಚ್ಚು ಉಳಿಯಕೂಡದು. ಹರಿತ ಅಲ್ಲಿಂದಲೇ ಆರಂಭವಾಗುತ್ತದೆ. ಹೆಚ್ಚು ಕತ್ತರಿಸಿದ್ದನ್ನು ಮರಳಿ ಅಂಟಿಸಲಾಗದೆಂಬುದನ್ನು ದರ್ಜಿಯ ಮನೆ ಬಲ್ಲವರಿಗೆ ಹೇಳಬೇಕಾಗಿಲ್ಲ. ತೊಡುವ ಮೊದಲು ಉಂಗುರ, ಗಡಿಯಾರಗಳನ್ನು ತೆಗೆದಿಟ್ಟು ಪಟ್ಟಿಗೆ ಕೊಂಚ ಟಾಲ್ಕಂ ಪುಡಿ ಸವರಿದರೆ ಚರ್ಮವೂ ರಬ್ಬರೂ ಎರಡೂ ಉಳಿಯುತ್ತವೆ.

ಅಳತೆಯನ್ನು ಕನ್ನಡಿಯ ಮುಂದೆ ನಿಂತು ನೋಡಿದರೆ ಸಾಲದು. ನೆಲದ ಮೇಲೆ ಕಾಲುಚಾಚಿ ಕುಳಿತು, ಹುಟ್ಟು ಹಾಕುವಂತೆ ಮುಂದಕ್ಕೆ ಬಾಗಿ, ತೋಳೆತ್ತಿ ನೋಡಬೇಕು. ಹೆಗಲು, ತೊಡೆಸಂದು ಎಳೆಯಬಾರದು. ಒಳಗೆ ಉಣ್ಣೆ ತೊಟ್ಟೇ ಈ ಪರೀಕ್ಷೆ ಮಾಡಬೇಕು; ಏಕೆಂದರೆ ಡ್ರೈಸೂಟ್ ನೀರನ್ನು ತಡೆಯುತ್ತದೆಯೇ ಹೊರತು ತಾನಾಗಿ ಬೆಚ್ಚಗಿಡುವುದು ಅಲ್ಪ. ಬೆವರಿಗೆ ನೆನೆದ ಹತ್ತಿ ಬಟ್ಟೆ ಅಲ್ಲಿ ಕೆಲಸಕ್ಕೆ ಬಾರದು. ಕೊನೆಗೆ ಕುಕ್ಕರುಗಾಲಿನಲ್ಲಿ ಕುಳಿತು, ಮೈಯನ್ನು ಅಪ್ಪಿಕೊಂಡು, ಕುತ್ತಿಗೆಯ ಪಟ್ಟಿಯನ್ನು ಒಂದು ಬೆರಳಿನಿಂದ ಎತ್ತಿದರೆ ಒಳಗಿನ ಹೆಚ್ಚುಗಾಳಿ ಬುಸ್ಸೆಂದು ಹೊರಡುತ್ತದೆ. ಇಲ್ಲದಿದ್ದರೆ ಉಡುಪು ಬಲೂನಿನಂತುಬ್ಬಿ ಕೈಯಾಡಲು ಬಿಡದು.

ಇಷ್ಟಾದ ಮೇಲೂ ಮೊದಲ ಪರೀಕ್ಷೆ ದಡದ ಬಳಿಯ ಆಳವಿಲ್ಲದ ನೀರಿನಲ್ಲಿ, ಜೊತೆಗಾರರ ಎದುರಿನಲ್ಲಿಯೇ ನಡೆಯಬೇಕು. ಜೀವರಕ್ಷಕ ಜಾಕೀಟು ಮೇಲಿರಲೇಬೇಕು.

1985ರಲ್ಲಿ ಗ್ರೀನ್‌ಲೆಂಡಿನವರು ತಮ್ಮ ಕಯಾಕ್ ವಿದ್ಯೆ ಅಳಿಯದಿರಲೆಂದು ಸಂಘವೊಂದನ್ನು ಕಟ್ಟಿದರು. ಅದರ ಸ್ಪರ್ಧೆಗಳಲ್ಲಿ ದೋಣಿಯನ್ನು ಮಗುಚಿ ಮತ್ತೆ ಮೇಲೇಳುವವರು ಇಂದಿಗೂ ತುಯಿಲಿಕ್ ತೊಡುತ್ತಾರೆ. ತೊಗಲಿನ ಬದಲು ಹೊಸ ಬಟ್ಟೆ ಬಂದಿರಬಹುದು. ಆದರೆ ಅಳತೆಯ ನಿಯಮ ಹಳೆಯದೇ. ಅಜ್ಜಿಯರು ಸೂಜಿ ಹಿಡಿದು ಕಲಿಸಿದ ಆ ನಿಯಮವಿಷ್ಟೆ: ತೊಟ್ಟದ್ದು ಮರೆತುಹೋಗುವಷ್ಟು ಹಿತವಾಗಿರುವ ಉಡುಪೇ ಕಡಲಿನಲ್ಲಿ ಕಡೆಯತನಕ ಮೈಮೇಲೆ ಉಳಿಯುತ್ತದೆ, ಮೈಮೇಲೆ ಉಳಿದದ್ದೇ ಜೀವವನ್ನೂ ಉಳಿಸುತ್ತದೆ.