ಎಲೆ ನೋಡಿ ಬೇರು ಅಗೆಯಬೇಕು

ಚಿತ್ತಾಪುರದ ಬೇಸಿಗೆ ಹೇಗಿರುತ್ತದೆ ಅಂತ ಬೆಂಗಳೂರಿನವರಿಗೆ ಹೇಳಿ ತಿಳಿಸುವುದು ಕಷ್ಟ. ಮೇ ತಿಂಗಳಲ್ಲಿ 42-43 ಡಿಗ್ರಿ. ಮನೆಗೆ ಹಾಸಿದ ಫರಸಿ, ಅಂದರೆ ನೀವು ಶಹಾಬಾದ್ ಕಲ್ಲು ಅಂತೀರಲ್ಲ, ಅದು ರಾತ್ರಿ ಹತ್ತಾದರೂ ಬೆಚ್ಚಗೇ ಇರುತ್ತದೆ. ಇಂಥ ಊರಲ್ಲಿ ಮನೆಮದ್ದು ಅಂದರೆ ಮೊದಲು ಉಷ್ಣಕ್ಕೆ ಮದ್ದು. ನಮ್ಮ ಮನೆಯಲ್ಲಿ ಅದಕ್ಕೆ ಸೊಗದೆ ಬೇರು.

ಸೊಗದೆ ಹೊಲದ ಬದುವಿನಲ್ಲಿ, ಮುಳ್ಳುಕಂಟಿಯ ಬುಡದಲ್ಲಿ ಹಬ್ಬುವ ತೆಳ್ಳನೆಯ ಬಳ್ಳಿ. ಎಲೆಯ ನಡುವೆ ಬಿಳಿ ಗೆರೆ. ಬಳ್ಳಿ ಮುರಿದರೆ ಹಾಲು. ಬೇರನ್ನು ಉಗುರಿನಿಂದ ಕೆರೆದರೆ ಥೇಟ್ ವೆನಿಲ್ಲಾ ಐಸ್‌ಕ್ರೀಮಿನ ವಾಸನೆ. ಆಯುರ್ವೇದದ ಸಾರಿವಾ ಇದೇ. ತಮಿಳರ ನನ್ನಾರಿ, ನಮ್ಮ ಗಡಿಯಾಚೆ ತೆಲಂಗಾಣದವರ ಸುಗಂಧಿಪಾಲ ಕೂಡ ಇದೇ.

ಮಾಡುವುದು ಸುಲಭ. ಬೇರನ್ನು ಮಣ್ಣು ಹೋಗುವಂತೆ ತೊಳೆದು, ಜಜ್ಜಿ, ಒಳಗಿನ ಕಟ್ಟಿಗೆಯಂಥ ನಾರು ತೆಗೆದು, ನೆರಳಲ್ಲಿ ಒಣಗಿಸಬೇಕು. ಒಂದು ಹಿಡಿ ತೊಗಟೆಗೆ ಒಂದು ಲೀಟರ್ ಬಿಸಿನೀರು ಸುರಿದು ಮುಚ್ಚಿಟ್ಟರೆ ಬೆಳಗಿಗೆ ಕಂದು ಬಣ್ಣದ ನೀರು ಸಿದ್ಧ. ಸೋಸಿ, ಬೆಲ್ಲ, ನಿಂಬೆರಸ ಬೆರೆಸಿ ಕುಡಿಯೋದು. ಕುದಿಸಬಾರದು. ಕುದಿಸಿದರೆ ಅದರ ಸುವಾಸನೆ ಹಬೆಯ ಜೊತೆ ಹಾರಿಹೋಗುತ್ತದೆ.

ರೆಸಿಪಿ ಇಷ್ಟೇ. ಇದನ್ನು ಯಾರು ಬೇಕಾದರೂ ವಾಟ್ಸಾಪಿನಲ್ಲಿ ಕಳಿಸಬಹುದು. ಆದರೆ ನಮ್ಮ ಆಯಿಯ ವಿದ್ಯೆ ಇರೋದು ಇದಕ್ಕಿಂತ ಮೊದಲಿನ ಹಂತದಲ್ಲಿ. "ಎಲಿ ನೋಡಲಾರದೆ ಬೇರಿಗಿ ಕೈ ಹಚ್ಚಬ್ಯಾಡ" ಅನ್ನೋದು ಅವಳ ಕಾಯಿದೆ. ಬಳ್ಳಿ ನೆಲದ ಮೇಲೆ ನಿಂತಿರುವಾಗಲೇ ಅದರ ಎಲೆ, ಹೂವು, ಹಾಲು ಎಲ್ಲ ನೋಡಿ ಗುರುತು ಹಿಡಿಯಬೇಕು. ಒಮ್ಮೆ ಕಿತ್ತು ಒಣಗಿಸಿದ ಮೇಲೆ ಎಲ್ಲ ಬೇರುಗಳೂ ಒಂದೇ ಥರ ಕಂದು ಕಡ್ಡಿಗಳು.

ಹೆಸರನ್ನೂ ನಂಬುವ ಹಾಗಿಲ್ಲ. ಸೊಗದೆಗೆ ಒಂದು ಕಡೆ ನಾಮದ ಬೇರು, ಇನ್ನೊಂದು ಕಡೆ ಹಾಲುಬಳ್ಳಿ. ಪೇಟೆಯಲ್ಲಿ ನನ್ನಾರಿ ಅಂತ ಕೇಳಿದರೆ ಎಷ್ಟೋ ಸಲ ಸಿಗೋದು ದಪ್ಪನೆಯ ಮಾಗಳಿ ಬೇರು. ವಾಸನೆ ಹೆಚ್ಚುಕಡಿಮೆ ಒಂದೇ, ಗಿಡ ಬೇರೆ. ಈ ಗೊಂದಲದಿಂದ ದೊಡ್ಡ ಅನಾಹುತವಿಲ್ಲ. ಎಲ್ಲ ಗೊಂದಲಗಳೂ ಹೀಗಿರುವುದಿಲ್ಲ.

ಬ್ರಸೆಲ್ಸ್ ನಗರದಲ್ಲಿ 1990ರ ದಶಕದ ಆರಂಭದಲ್ಲಿ ತೂಕ ಇಳಿಸಲು ಗುಳಿಗೆ ತಗೊಂಡ ಹೆಂಗಸರ ಕಿಡ್ನಿಗಳು ಒಂದಾದ ಮೇಲೊಂದು ಕೆಟ್ಟವು. ಹುಡುಕಿದಾಗ ಗೊತ್ತಾಗಿದ್ದು, ಗುಳಿಗೆಯಲ್ಲಿ ಒಂದು ಚೀನೀ ಬೇರಿನ ಬದಲು ಹೆಚ್ಚುಕಡಿಮೆ ಅದೇ ಹೆಸರಿನ ಇನ್ನೊಂದು ಬೇರು ಸೇರಿತ್ತು. ಸೇರಿದ್ದು ಅರಿಸ್ಟೊಲೋಕಿಯಾ ಕುಲದ ಗಿಡ. ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಕಿಡ್ನಿಯನ್ನು ಹಾಳು ಮಾಡುತ್ತದೆ, ಕ್ಯಾನ್ಸರ್ ಕೂಡ ತರುತ್ತದೆ.

ದೂರದ ಕಥೆ ಅನ್ನಿಸಬಹುದು. ಆದರೆ ಹಾವಿನ ವಿಷಕ್ಕೆ, ಜ್ವರಕ್ಕೆ ಅಂತ ನಮ್ಮ ಕಡೆ ಹೆಸರಾದ ಈಶ್ವರಿ ಬೇರು ಅದೇ ಕುಲದ ಬಳ್ಳಿ. ಅದರಲ್ಲೂ ಅದೇ ಆಮ್ಲವಿದೆ. ಕಷಾಯ ಕುದಿಸಿದರೆ ಆ ಅಪಾಯ ಹೋಗುವುದಿಲ್ಲ.

ಎರಡು ವರ್ಷದ ಹಿಂದೆ ನಮ್ಮ ಕಾಕಾ ಜಾತ್ರೆಯಿಂದ ಒಂದು ಬೇರಿನ ಕಟ್ಟು ತಂದರು. ಮೊಣಕಾಲು ನೋವಿಗೆ ಕಷಾಯ ಮಾಡಿಸಬೇಕಿತ್ತು. ಅವರಿಗೆ ಸಕ್ಕರೆ ಕಾಯಿಲೆ, ಕ್ರಿಯಾಟಿನಿನ್ ಆಗಲೇ ಮೇಲೇರಿತ್ತು. ಆಯಿ ಕಟ್ಟು ಬಿಚ್ಚಿ ಮೂಸಿ ನೋಡಿದಳು.

"ಇದರ ಎಲಿ ನೋಡೀದಿ ಏನು?"

"ಇಲ್ಲವ್ವಾ. ಮಾರಾಂವ ಈಶ್ವರಿ ಅಂದ."

"ಅಂವಂದು ಖರೇ ಇದ್ರೂ ನಿನಗ ಬ್ಯಾಡ, ಸುಳ್ಳಿದ್ರೂ ಬ್ಯಾಡ. ತಿಪ್ಪಿಗಿ ಒಗಿ."

ಕಾಕಾ ಸಿಟ್ಟಾದರು, ಎರಡು ದಿನ ಮಾತು ಬಿಟ್ಟರು. ಆಯಿಗೆ ಆಮ್ಲದ ಹೆಸರು ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಒಲೆ ಮೇಲೆ ಇಡಬಾರದು ಅಂತ ಮಾತ್ರ ಗೊತ್ತು. ಹಾವು ಕಡಿದವರಿಗೆ, ಮೂರು ದಿನ ಜ್ವರ ಬಿಡದವರಿಗೆ ಅವಳು ಬೇರು ತೇಯ್ದು ಕೊಟ್ಟಿದ್ದನ್ನು ನಾನು ನೋಡಿಲ್ಲ. ನೇರ ದವಾಖಾನೆಗೆ ಕಳಿಸುತ್ತಾಳೆ.

ಔಷಧಿಯಲ್ಲಿ ಏನು ಇರಬಾರದು ಅನ್ನುವ ವಾದ ಈ ನೆಲಕ್ಕೆ ಹೊಸದಲ್ಲ. ಪಕ್ಕದ ಸೇಡಂ ತಾಲ್ಲೂಕಿನ ಮಳಖೇಡ 9ನೇ ಶತಮಾನದಲ್ಲಿ ರಾಷ್ಟ್ರಕೂಟರ ರಾಜಧಾನಿ. ಅಲ್ಲಿನ ಅಮೋಘವರ್ಷನ ಸಭೆಯಲ್ಲಿ ಮದ್ದಿಗೆ ಮಾಂಸ ಬೇಡವೆಂದು ವಾದಿಸಿದವರು 'ಕಲ್ಯಾಣಕಾರಕ' ಬರೆದ ಜೈನ ವೈದ್ಯ ಉಗ್ರಾದಿತ್ಯಾಚಾರ್ಯರು. ಬೇಡ ಅನ್ನುವುದೂ ವೈದ್ಯದ ಒಂದು ಭಾಗವೇ.

ಆಯಿಯ ಇನ್ನೊಂದು ಕಾಯಿದೆ, ಒಂದು ಬಳ್ಳಿಯಿಂದ ಒಂದೇ ಬೇರು. ನಡುಬೇರು ಬಿಟ್ಟು ಪಕ್ಕದ್ದನ್ನು ಕತ್ತರಿಸಿ, ಮಣ್ಣು ಮುಚ್ಚಿ ತುಳಿಯುತ್ತಿದ್ದಳು. ಈಗ ಅವಳು ಹೊಲಕ್ಕೆ ಹೋಗುವುದಿಲ್ಲ. ಹೋದರೂ ಬದುಗಳು ಕಡಿಮೆ. ವಾಡಿ, ಶಹಾಬಾದ್ ಸುತ್ತ ನೆಲದಡಿ ಇರೋದು ಸುಣ್ಣಕಲ್ಲು. ಸಿಮೆಂಟಿಗೋ ಫರಸಿಗೋ ಗಣಿ ತೆಗೆಯುವಾಗ ಮೊದಲು ಹೋಗೋದು ಮೇಲಿನ ಮಣ್ಣು, ಅದರ ಜೊತೆ ಇಂಥ ಬಳ್ಳಿಗಳು. ಚಿಂಚೋಳಿ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು, ಅಲ್ಲಿ ಬೇರು ಅಗೆಯುವಂತಿಲ್ಲ. ಅಗೆಯಲೂಬಾರದು.

ಹಾಗಾಗಿ ನಿಮಗೆ ಆಸಕ್ತಿ ಇದ್ದರೆ ಬೇರು ಕೊಳ್ಳುವ ಮೊದಲು ನರ್ಸರಿಯಿಂದ ಒಂದು ಸೊಗದೆ ಸಸಿ ತನ್ನಿ. ಬಾಲ್ಕನಿಯ ಕುಂಡದಲ್ಲೂ ಹಬ್ಬುತ್ತದೆ. ಬೇರು ಬಲಿಯಲು ಒಂದೆರಡು ವರ್ಷವಾದರೂ ಕಾಯಬೇಕು. ಅಷ್ಟರೊಳಗೆ ಎಲೆಯ ಗುರುತು ಚೆನ್ನಾಗಿ ಸಿಕ್ಕಿರುತ್ತದೆ.